ಕೀಲುಕುದುರೆ ಏರಿ ಬಂದ ಹಾಡು

ಸ್ವರಾತ್ಮ ಬ್ಯಾಂಡಿನ ಹಾಡು ಅಮ್ಮನಿಗೆ ಒಮ್ಮೆ ಎದುರಿಗೇ ಕೇಳಿಸಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಬೆಂಗಳೂರಿನಲ್ಲಿ ಬಯಲು ವೇದಿಕೆಯಲ್ಲಿ ಹಾಡುತ್ತಾರೆ ಅಂತ ಗೊತ್ತಾದಾಗ ಅಮ್ಮ ಊರಿಂದ ಬಂದಿದ್ದರು. "ಆ ಡ್ರಮ್ಮು ಕೇಳಿದ್ರೆ ತಲೆನೋವು ಬರುತ್ತೆ ಕಣೋ" ಅಂದರೂ ಹೊರಟರು.

ಡ್ರಮ್ಸ್ ಜೊತೆಗೆ ಪಿಟೀಲು ಸೇರಿದ್ದೇ ಅಮ್ಮ ನೆಟ್ಟಗೆ ಕೂತರು. ಅಷ್ಟರಲ್ಲಿ ಗಾಯಕ ವಾಸು ದೀಕ್ಷಿತ್ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಬಂದರು. ಕತ್ತು ಮುಂದೆ, ಬಾಲ ಹಿಂದೆ, ನಡುವೆ ಅವರು. ಕೆಳಗೆ ಕುಣಿಯುವುದು ಅವರದೇ ಕಾಲು. ಹಾಡುತ್ತಲೇ ಮುಂದಿದ್ದ ಮಕ್ಕಳತ್ತ ಕುದುರೆ ನುಗ್ಗಿಸಿದರು. ಮಕ್ಕಳು ಕಿರುಚಿ ಹಿಂದೆ ಸರಿದರು, ಮತ್ತೆ ಓಡಿ ಬಂದು ಅದರ ಮೂತಿ ಮುಟ್ಟಿದರು.

"ಅಯ್ಯೋ, ನಮ್ ದಸರಾ ಮೆರವಣಿಗೆ ಕೀಲುಕುದುರೆ!" ಅಂತ ಅಮ್ಮ ಚಪ್ಪಾಳೆ ತಟ್ಟಿದರು. ತಂಜಾವೂರು ಕಡೆಯೂ ಈ ಕುದುರೆ ಕುಣಿತ ಇದೆ ಅಂದೆ. ಅವರಿಗೆ ಅದು ಹೊಸ ಸುದ್ದಿ.

2002ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ತಂಡ ನನಗೆ ಇಷ್ಟವಾಗುವುದೇ ಇದಕ್ಕೆ. ನಗಿಸಿ ಹತ್ತಿರ ಕರೆಯುತ್ತಾರೆ, ಆಮೇಲೆ ಗಟ್ಟಿ ಮಾತು ಹೇಳುತ್ತಾರೆ. 2012ರ ‘ಟೋಪಿವಾಲೆ’ ಆಲ್ಬಂನಲ್ಲಿ ಜನರಿಗೆ ಟೋಪಿ ಹಾಕುವ ರಾಜಕಾರಣಿಗಳನ್ನು ಜಾಡಿಸಿದ್ದಾರೆ. ಕೇಳುವವರಿಗೆ ಮಾತ್ರ ಕುಣಿಯಬೇಕು ಅನ್ನಿಸುತ್ತದೆ.

ಆ ಸಂಜೆ ಅವರ ಮೊದಲ ಆಲ್ಬಂನ ಕಾವೇರಿ ಹಾಡೂ ಬಂತು. 2009ರದು. ನೀರಿನ ಜಗಳದ ನಡುವೆ ಸಿಕ್ಕ ನದಿಯೇ ಅದರಲ್ಲಿ ಮಾತಾಡುತ್ತಾಳೆ. ಹಾಡು ಹಿಂದಿಯದು, ಅಮ್ಮನ ಕಿವಿಯಲ್ಲಿ ಅರ್ಥ ಹೇಳಿದೆ. ಅಮ್ಮ ಮಂಡ್ಯದವರು, ಕಾವೇರಿ ನೀರು ಹರಿಯುವ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನವರು. ನಾಲೆಗೆ ನೀರು ಬಾರದ ವರ್ಷ ಒಣಗಿದ ಭತ್ತದ ಗದ್ದೆಗೆ ದನ ಬಿಟ್ಟಿದ್ದನ್ನು ಕಂಡವರು. ಹಾಡು ಮುಗಿಯೋವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದರು.

"ಇದನ್ನ ಕನ್ನಡದಲ್ಲಿ ಹಾಡ್ಬಾರ್ದಿತ್ತಾ? ನಮ್ಮೂರೋರು ಕೇಳ್ಬೇಕಲ್ಲ" ಅಂದರು, ಆಟೋದಲ್ಲಿ ಬರುವಾಗ.

"ಕನ್ನಡದಲ್ಲಿ ಹಾಡಿದ್ರೆ ಕಾವೇರಿ ನಮ್ಮ ಪಕ್ಷ, ತಮಿಳಲ್ಲಿ ಹಾಡಿದ್ರೆ ಅವರ ಪಕ್ಷ ಅಂತಾರೆ. ಅದಕ್ಕೇ ಇರಬಹುದು ಅಲ್ವಾಮ್ಮ?"

ಅಮ್ಮ ಒಪ್ಪಲಿಲ್ಲ. "ಎರಡರಲ್ಲೂ ಹಾಡ್ಲಿ. ಕುದುರೆ ಹೆಂಗೂ ಇದೆ, ಎರಡು ಕಡೇನೂ ಜನ ಸೇರ್ತಾರೆ."