ಜಗುಲಿಯ ಕೋಳಿ ಮತ್ತು ಕೆಂಪು ನುಸಿ

ಸಕಲೇಶಪುರ, ಜುಲೈ 21, 2024, ಭಾನುವಾರ

ಮಳೆ ಹಿಡಿದುಕೊಂಡಾಗಿನಿಂದ ನಮ್ಮ ಕೋಳಿಗಳು ಹಿತ್ತಿಲಿನ ಗೂಡು ಬಿಟ್ಟು ಒಳಜಗುಲಿಯ ಮೂಲೆಯ ಗೂಡಿಗೆ ಬಂದಿವೆ. ಅಲ್ಲೇ ನಾಯಿ ಮಲಗುವ ಗೋಣಿತಾಟು, ಪಕ್ಕದ ಹಲಗೆಯ ಮೇಲೆ ಬೆಕ್ಕಿನ ಠಿಕಾಣಿ. ಈಚೆಗೆ ಹೇಂಟೆಗಳ ಜುಟ್ಟು ಬಿಳಿಚಿಕೊಂಡು, ಮೊಟ್ಟೆ ಕಡಿಮೆಯಾಗಿ, ಸಂಜೆ ಮಲಗಲು ಕೂರುವ ಕೋಲು ಹತ್ತುವುದಕ್ಕೇ ಅವು ಹಿಂದೇಟು ಹಾಕತೊಡಗಿದ್ದರಿಂದ ನಿನ್ನೆ ರಾತ್ರಿ ಟಾರ್ಚ್ ಹಿಡಿದು ಪರೀಕ್ಷಿಸಿದೆ. ಹಳೆಯ ಪಂಚೆಯ ಬಿಳಿ ತುಂಡನ್ನು ಕೋಲಿನ ಅಡಿಭಾಗಕ್ಕೆ ಒತ್ತಿ ಎಳೆದಾಗ ಬಟ್ಟೆಯ ಮೇಲೆ ರಕ್ತದ ಗೀರುಗಳು ಮೂಡಿದವು. ಕೋಲು ಗೂಟಕ್ಕೆ ಸೇರುವ ಸಂದಿಯಲ್ಲಿ ಬೂದಿಯ ಪುಡಿಯಂತೆ ಕಾಣುತ್ತಿದ್ದದ್ದು ಬೆಳಕು ಬಿದ್ದೊಡನೆ ಹರಿದಾಡತೊಡಗಿತು.

ಇದು ಕೆಂಪು ನುಸಿ. ಒಂದು ಮಿಲಿಮೀಟರಿಗಿಂತ ದೊಡ್ಡದಾಗದ ಈ ಜೀವಿ ಹಸಿದಾಗ ಬೂದು ಬಣ್ಣಕ್ಕಿದ್ದು, ರಕ್ತ ಹೀರಿದ ಮೇಲೆ ಕೆಂಪಾಗುತ್ತದೆ. ಹೇನು ಕೋಳಿಯ ಮೈಮೇಲೇ ಬದುಕುತ್ತದೆ, ಇದು ಹಾಗಲ್ಲ. ಹಗಲೆಲ್ಲ ಮರದ ಬಿರುಕಿನಲ್ಲಿ ಅಡಗಿದ್ದು, ಇರುಳಿನಲ್ಲಿ ಮಾತ್ರ ಕೋಳಿಯ ಮೇಲೆ ಹತ್ತಿ, ಹೊಟ್ಟೆ ತುಂಬಿದ ಮೇಲೆ ಮರಳಿ ಬಿರುಕು ಸೇರುತ್ತದೆ. ಬೆಚ್ಚಗಿನ ತೇವದ ವಾತಾವರಣ ಸಿಕ್ಕಿದರೆ ಮೊಟ್ಟೆಯಿಂದ ಬಲಿತ ನುಸಿಯಾಗಲು ಸುಮಾರು ಒಂದು ವಾರ ಸಾಕು. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಬಲ್ಲದು. ಆದ್ದರಿಂದ ಕೋಳಿಗೆ ಎಷ್ಟೇ ಔಷಧಿ ಹಚ್ಚಿದರೂ ಗೂಡನ್ನು ಬಿಟ್ಟರೆ ಪ್ರಯೋಜನವಿಲ್ಲ. ಬೆಕ್ಕು ಕಿವಿಯ ಹಿಂದೆ ಕೆರೆದುಕೊಳ್ಳುತ್ತಿರುವುದಕ್ಕೂ, ನನ್ನ ಮುಂಗೈ ಮೇಲೆ ಎದ್ದಿರುವ ಗುಳ್ಳೆಗಳಿಗೂ ಇದೇ ಕಾರಣವಿರಬೇಕು. ಹಸಿದ ನುಸಿ ಹತ್ತಿರದಲ್ಲಿ ಯಾರಿದ್ದರೂ ಕಚ್ಚುತ್ತದೆ, ಆದರೆ ಅದರ ಸಂಸಾರವೆಲ್ಲ ನಡೆಯುವುದು ಹಕ್ಕಿಯ ರಕ್ತದಲ್ಲೇ.

ಬೆಳಿಗ್ಗೆ ಔಷಧಿ ಅಂಗಡಿಯವನು ನುಸಿ ಕೊಲ್ಲುವ ಪರ್ಮೆಥ್ರಿನ್ ಪುಡಿಯನ್ನು ಮುಂದಿಟ್ಟು, "ಅಕ್ಕಾ, ಇದನ್ನ ಗೂಡಿಗೆ ಉದುರಿಸಿ, ನಾಯಿಗೂ ಹಾಕಬಹುದು" ಎಂದ. "ಮನೇಲಿ ಬೆಕ್ಕಿದೆಯಪ್ಪಾ" ಎಂದರೆ ನಕ್ಕ. ಅವನು ಹೇಳಿದ್ದು ನಾಯಿ, ಕೋಳಿಗಳ ಮಟ್ಟಿಗೆ ನಿಜವೇ. ಆದರೆ ಪರ್ಮೆಥ್ರಿನ್ ಅನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಪುಡಿ ಮೆತ್ತಿದ ಪಾದವನ್ನು ಅದು ನೆಕ್ಕಿಕೊಂಡರೆ ಮೈನಡುಕ, ಸೆಳೆತ, ಕೊನೆಗೆ ಸಾವೂ ಬರಬಹುದು. ಚಿಗಟ, ಉಣ್ಣೆಗೆಂದು ಬೆಕ್ಕಿನ ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿಗಳನ್ನು ಕೋಳಿಗೆ ಹಾಕೋಣವೆಂದರೆ ಅದು ಮೊಟ್ಟೆಗೆ ಇಳಿಯುತ್ತದೆ. 2017ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಇದೇ ನುಸಿಯ ಕಾಟಕ್ಕೆಂದು ಕೋಳಿಮನೆಗಳಲ್ಲಿ ಫಿಪ್ರೊನಿಲ್ ಬಳಸಿದ್ದು ಬಯಲಾಗಿ, ಲಕ್ಷಗಟ್ಟಲೆ ಮೊಟ್ಟೆಗಳನ್ನು ನಾಶಪಡಿಸಬೇಕಾಯಿತು. ಹೀಗೆ ಒಂದರ ಮದ್ದು ಇನ್ನೊಂದಕ್ಕೆ ವಿಷವಾಗುವ ಜಗುಲಿಯಲ್ಲಿ ಪುಡಿ, ಹನಿಗಳಿಗಿಂತ ಮೊದಲು ಬಿಸಿನೀರನ್ನು ನಂಬುವುದೇ ಮೇಲೆಂದು ತೀರ್ಮಾನಿಸಿದೆ.

ಮಧ್ಯಾಹ್ನ ಕೋಳಿಗಳನ್ನು ಮಂಕರಿಯಡಿ ಮುಚ್ಚಿಟ್ಟು, ಗೂಡಿನ ಹೊಟ್ಟನ್ನೆಲ್ಲ ಬಾಚಿ ಬಚ್ಚಲೊಲೆಗೆ ಹಾಕಿದೆ. ಹಂಡೆಯ ಕುದಿನೀರಿಗೆ ಸೋಪು ಕದಡಿ ಹಲಗೆಗಳ ಸಂದಿಸಂದಿಗೂ ಸುರಿದು, ಗಟ್ಟಿ ಬ್ರಷ್ಷಿನಿಂದ ಉಜ್ಜಿದೆ. ಈ ಮಳೆಯಲ್ಲಿ ಒಣಗಿಸುವುದೇ ದೊಡ್ಡ ಕಷ್ಟ. ಬಿಸಿಲು ಕಾಣದ ಕಾರಣ ಕೋಲುಗಳನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದೇನೆ. ಬಿರುಕು ಬಿಟ್ಟಿದ್ದ ಕೋಲನ್ನು ಉಳಿಸಿಕೊಳ್ಳದೆ ಸುಟ್ಟುಬಿಟ್ಟೆ, ಅದರ ಬದಲಿಗೆ ನುಣುಪಾದ ಹೊಸ ಕೋಲು ಕಟ್ಟಿ ನುಸಿ ದಾಟದಂತೆ ಎರಡು ತುದಿಗೂ ವ್ಯಾಸಲೀನ್ ದಪ್ಪವಾಗಿ ಬಳಿದೆ. ನಾಯಿಯ ಗೋಣಿತಾಟೂ ಬೆಕ್ಕಿನ ಬಟ್ಟೆಯೂ ಕುದಿನೀರಿನಲ್ಲಿ ನೆನೆದಿವೆ. ಕೋಳಿಗಳು ಹೊರಳಾಡಲೆಂದು ಜರಡಿ ಹಿಡಿದ ಒಲೆಬೂದಿಯನ್ನು ಬಾಣಲೆಯಲ್ಲಿ ತುಂಬಿ ಹೊರಗಿನ ಚಾವಡಿಯಲ್ಲಿಟ್ಟಿದ್ದೇನೆ. ಮುಚ್ಚಿದ ಜಗುಲಿಯಲ್ಲಿ ಬೂದಿ ಎದ್ದರೆ ಕೋಳಿಯ ಉಸಿರಿಗೂ ನಮ್ಮ ಉಸಿರಿಗೂ ಒಳ್ಳೆಯದಲ್ಲ.

ಕುದಿನೀರಿಗೆ ಸಿಗದೆ ಉಳಿದ ನುಸಿಯ ಮೊಟ್ಟೆಗಳು ಒಡೆದು ಹೊಸ ನುಸಿಗಳು ಬಲಿಯುವ ಮೊದಲೇ, ಅಂದರೆ ಶನಿವಾರದೊಳಗೆ, ಇದೆಲ್ಲವನ್ನೂ ಮತ್ತೊಮ್ಮೆ ಮಾಡಬೇಕು. ತೀರಾ ಬಿಳಿಚಿರುವ ಒಂದು ಹೇಂಟೆಯನ್ನು ಮಾತ್ರ ನಾಳೆ ಪಶು ಆಸ್ಪತ್ರೆಗೆ ಒಯ್ಯುತ್ತೇನೆ. ಐವರ್‌ಮೆಕ್ಟಿನ್ ಎಂಬ ನುಸಿಯ ಔಷಧಿ ಕೊಡುವುದಾದರೆ ಅದರ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂದು ವೈದ್ಯರನ್ನು ಕೇಳಿ ಬರೆದುಕೊಂಡು ಬರಬೇಕು, ಅಲ್ಲಿಯತನಕ ಆ ಹೇಂಟೆಯ ಮೊಟ್ಟೆಗೆ ಬೇರೆ ಬುಟ್ಟಿ.