ಪ್ಲೇಟ್‌ಲೆಟ್ ಕಮ್ಮಿ ಅಂದ್ರೆ ಬರೀ ಡೆಂಗಿನಾ?

ಲ್ಯಾಬಿನಲ್ಲಿ ಹದಿಮೂರು ವರ್ಷದಿಂದ ಇದ್ದೇನೆ. ರಕ್ತ ತೆಗೆಯುವುದು, ಮಷಿನ್‌ಗೆ ಹಾಕುವುದು, ನಾರ್ಮಲ್ ರೇಂಜ್ ದಾಟಿದ ಅಂಕಿ ದಪ್ಪಕ್ಷರದಲ್ಲಿ ಬಂದಿದೆಯಾ ನೋಡುವುದು. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಶುಗರ್ ನೋಡಿಸಲು ಒಬ್ಬರು ತಪ್ಪದೆ ಬರುತ್ತಿದ್ದರು. 58 ವರ್ಷ, ಕುಡಿತದ ಅಭ್ಯಾಸವೇ ಇಲ್ಲ. ಒಂದು ಮಳೆಗಾಲ ಅವರ ಪ್ಲೇಟ್‌ಲೆಟ್ 1.1 ಲಕ್ಷ ಬಂತು. ಊರಲ್ಲೆಲ್ಲ ಡೆಂಗಿ. "ಜ್ವರ ಇತ್ತಾ ಸರ್?" ಅಂದೆ. "ಇಲ್ಲಪ್ಪ, ಸುಸ್ತು ಅಷ್ಟೇ." ಪ್ಲೇಟ್‌ಲೆಟ್ ಗುಂಪುಗಟ್ಟಿದ್ದರೆ ಮಷಿನ್ ಕಮ್ಮಿ ಎಣಿಸುತ್ತದೆ. ಸ್ಲೈಡ್ ಮಾಡಿ ನೋಡಿದೆ. ಗುಂಪೇನೂ ಇರಲಿಲ್ಲ, ನಿಜವಾಗಿಯೂ ಕಮ್ಮಿ.

ನಮ್ಮ ಪೆಥಾಲಜಿ ಮೇಡಂ ಹಳೆಯ ರಿಪೋರ್ಟ್ ತೆಗೆಸಿದರು. ಮೂರು ವರ್ಷದ ಹಿಂದೆ 1.9 ಲಕ್ಷ, ಆಮೇಲೆ 1.5, ಈಗ 1.1. ಮೊದಲೆರಡೂ ರೇಂಜ್ ಒಳಗೇ ಇದ್ದವು, ಹಾಗಾಗಿ ದಪ್ಪಕ್ಷರ ಇಲ್ಲ. ಕೆಳಗೆ ಸಹಿ ಮಾತ್ರ ನನ್ನದೇ.

ಮೇಡಂ ಮೊಬೈಲಿನಲ್ಲೇ ಫಿಬ್-4 ಲೆಕ್ಕ ಹಾಕಿದರು, ಲಿವರ್ ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡುವ ಅಂಕಿ ಅದು. ಅದಕ್ಕೆ ಬೇಕಾದ್ದು ವಯಸ್ಸು, ಲಿವರ್ ಟೆಸ್ಟಿನಲ್ಲಿ ಬರುವ ಎಸ್‌ಜಿಓಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್, ಇಷ್ಟೇ. ಎಲ್ಲಾ ನಮ್ಮ ಹತ್ತಿರವೇ ಇದ್ದವು! ಬಂದಿದ್ದು 4.7. 2.67 ದಾಟಿದರೆ ಲಿವರ್ ಗಟ್ಟಿಯಾಗಿರುವ ಅನುಮಾನ ಜೋರು. 1.3ಕ್ಕಿಂತ ಕೆಳಗಿದ್ದರೆ ಸದ್ಯಕ್ಕೆ ಭಯ ಕಮ್ಮಿ. ಅವರದ್ದು ಮೂರು ವರ್ಷದ ಹಿಂದೆಯೇ 1.7 ಇತ್ತು.

ಟೈಪ್ 2 ಶುಗರ್‌ನಲ್ಲಿ ಇನ್ಸುಲಿನ್ ಮಾತು ದೇಹ ಸರಿಯಾಗಿ ಕೇಳುವುದಿಲ್ಲ. ಮೈಯಲ್ಲಿನ ಕೊಬ್ಬು ಕರಗಿ ರಕ್ತಕ್ಕೆ ಬಂದು ಲಿವರ್ ಸೇರುತ್ತದೆ. ಸಾಲದ್ದಕ್ಕೆ ಲಿವರ್ ತಾನೂ ಕೊಬ್ಬು ತಯಾರಿಸುತ್ತದೆ. ಕೆಲವರಲ್ಲಿ ಅಲ್ಲಿ ಉರಿಯೂತ ಶುರುವಾಗಿ, ಗಾಯದ ಕಲೆ ಕಟ್ಟುತ್ತಾ ಲಿವರ್ ಗಟ್ಟಿಯಾಗುತ್ತದೆ. ಆಗ ರಕ್ತ ಸಲೀಸಾಗಿ ಹರಿಯದೆ ಹಿಂದಕ್ಕೆ ಒತ್ತುತ್ತದೆ, ಗುಲ್ಮ (ಸ್ಪ್ಲೀನ್) ಊದುತ್ತದೆ, ಪ್ಲೇಟ್‌ಲೆಟ್‌ಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ.

ಅವರ ಎಸ್‌ಜಿಪಿಟಿ ಎಷ್ಟಿತ್ತು ಗೊತ್ತಾ? 34. ಪಕ್ಕಾ ನಾರ್ಮಲ್. ಲಿವರ್ ಇಷ್ಟು ಕೆಟ್ಟರೂ ಅದು ನಾರ್ಮಲ್ ಇರಬಹುದು ಅಂತ ಅವತ್ತೇ ತಿಳಿದದ್ದು. ಕೆಂಪುಕಣಕ್ಕೆ ಅಂಟಿದ ಸಕ್ಕರೆ ನೋಡಿ ಎರಡು-ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ 6.4 ಬಂದಿತ್ತು, "ಕಂಟ್ರೋಲಲ್ಲಿದೆ ಸರ್" ಅಂತ ನಾನೇ ಖುಷಿಯಿಂದ ಹೇಳಿದ್ದೆ. ಊದಿದ ಗುಲ್ಮ ಕೆಂಪುಕಣಗಳನ್ನು ಬೇಗ ನಾಶ ಮಾಡುವುದರಿಂದ ಆ ಅಂಕಿ ಸುಳ್ಳೇ ಕಮ್ಮಿ ತೋರಿಸಬಹುದಂತೆ. ಊಟವಾದ ಮೇಲಿನ ಶುಗರ್ 240 ಇತ್ತಲ್ಲ, ಎರಡೂ ತಾಳೆ ಆಗ್ತಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ಸ್ಕ್ಯಾನ್‌ನಲ್ಲಿ ಸಿರೋಸಿಸ್ ಅಂತ ಬಂತು, ಅಂದ್ರೆ ಕಲೆ ಕಟ್ಟಿ ಲಿವರ್ ಪೂರ್ತಿ ಗಟ್ಟಿಯಾದ ಸ್ಥಿತಿ. ರಿಪೋರ್ಟ್ ಹಿಡಿದು ಕೌಂಟರಿಗೇ ಬಂದರು. "ಒಂದು ತೊಟ್ಟೂ ಕುಡಿದವನಲ್ಲ ಕಣಪ್ಪ, ಜನ ಏನಂದ್ಕೋತಾರೆ?" ಕೂರಿಸಿ, ನೀರು ಕೊಟ್ಟೆ.

ಈಗ ಶುಗರ್‌ನವರ ಹೊಸ ರಿಪೋರ್ಟ್ ಜೊತೆ ಹಳೆಯ ಎರಡನ್ನೂ ಪಿನ್ ಮಾಡಿ ಮೇಡಂ ಟೇಬಲ್ಲಿಗೆ ಇಡುತ್ತೇನೆ. ಪೇಪರ್ ಜಾಸ್ತಿ ಖರ್ಚಾಗುತ್ತೆ ಅಂತ ಮಾಲೀಕರು ಗೊಣಗುತ್ತಾರೆ.