ಡ್ಯಾಮ್ ಗೇಟು, ವಾಟ್ಸಾಪ್ ಗ್ರೂಪು, ಮತ್ತ ಅಪ್ಪನ ಕೀಪ್ಯಾಡ್ ಸೆಟ್ಟು

ಜೀವ ಕಾಯೋ ಸಾಧನ ಅಂದ್ರ ಬಿದ್ರ ತಾನ ಫೋನ್ ಹಚ್ಚೋ ವಾಚು, ಬಾಗಲಾಗ ಯಾರ್ ನಿಂತಾರ ಅಂತ ತೋರ್ಸೋ ಕ್ಯಾಮೆರಾ, ಎಲ್ಲಾ ಚಲೋನ ಅದಾವ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗಂಗಾವತಿ ಕಡಿ ತುಂಗಭದ್ರಾ ಹೊಳಿ ದಂಡಿಗೆ ಇರೋರಿಗೆ ಮೊದ್ಲು ಬೇಕಾಗಿದ್ದು ಬ್ಯಾರೇನ ಐತ್ರಿ: ನೆಟ್ ಪ್ಯಾಕ್ ಇಲ್ದಿದ್ರೂ, ಆ್ಯಪ್ ಹಾಕ್ಕೊಳ್ದಿದ್ರೂ ಡ್ಯಾಮಿನಿಂದ ನೀರು ಬಿಟ್ಟಾಗ ಫೋನ್ ತಾನ ಒದರ್ಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಕೊಂಡು ಹೋತಲ್ಲ, ನಮಗ ಸುದ್ದಿ ಮುಟ್ಟಿದ್ದು ವಾಟ್ಸಾಪ್ ಗ್ರೂಪಿನಾಗ, ಒಬ್ಬ ಡ್ಯಾಮೇ ಒಡದೈತಿ ಅಂತಾನ, ಇನ್ನೊಬ್ಬ ಕಂಪ್ಲಿ ಬ್ರಿಡ್ಜ್ ಹೋತು ಅಂತಾನ, ಮತ್ತೊಬ್ಬ ಮಹಾಶಯ ಯಾವ್ದೋ ದೇಶದ ವಿಡಿಯೋ ಹಾಕಿ ಡ್ಯಾಮ್ ಹತ್ರದ ಮುನಿರಾಬಾದ್ ನೋಡ್ರಿ ಅಂತಾನ. ಖರೇ ಹೇಳ್ಬೇಕಂದ್ರ 33 ಗೇಟಿನಾಗ ಒಂದು ಹೋಗಿತ್ತು, ಒತ್ತಡ ಕಮ್ಮಿ ಮಾಡಾಕ ಉಳಿದ ಗೇಟೂ ತೆಗದು ನೀರು ಬಿಟ್ಟಿದ್ರು. ಇಷ್ಟ ಮಾತು, ಎರಡು ಸಾಲು!

ಹಿಂಗ ಎರಡು ಸಾಲು ಕಳ್ಸೋಕಂತನ ಸೆಲ್ ಬ್ರಾಡ್‌ಕಾಸ್ಟ್ ಅನ್ನೋದೈತಿ. 2023ರ ಅಕ್ಟೋಬರ್ 12ಕ್ಕ ಕರ್ನಾಟಕದ ತುಂಬ ಫೋನುಗಳು ಒಮ್ಮೆಲೆ ಕಿರುಚಿದ್ವು ನೆನಪೈತಾ? ಅದು ಇದರ ಟೆಸ್ಟು. ಎಸ್ಸೆಮ್ಮೆಸ್ಸು ಒಂದೊಂದ ನಂಬರ್ ಹುಡುಕ್ಕೊಂಡು ಹೋಗ್ಬೇಕು, ಲಕ್ಷಗಟ್ಲೆ ಕಳಿಸಿದ್ರ ದಾರ್ಯಾಗ ಸಿಕ್ಕಾಕ್ಕೋತಾವ. ಇದು ಹಂಗಲ್ಲ, ಡಂಗುರ ಹೊಡದಂಗ, ಟವರ್ ಒಂದ್ಸಲ ಕೂಗ್ತೈತಿ, ಅದರ ಕೆಳಗಿರೋ ಫೋನೆಲ್ಲಾ ಕೇಳಿಸ್ಕೋತಾವ. ನಂಬರೂ ಬೇಕಾಗಿಲ್ಲ, ನೀವೆಲ್ಲಿದೀರಿ ಅಂತ ಯಾರೂ ನೋಡೋದೂ ಇಲ್ಲ. ಹೊಳಿ ದಂಡಿ ಟವರುಗಳಿಗೆ ಅಷ್ಟ ಕಳಿಸಿದ್ರ ಹೊಳಿಯಿಂದ ದೂರ ಇರೋ ಕುಷ್ಟಗಿಯವ್ರು ನಿದ್ದಿ ಕೆಡಿಸ್ಕೊಳ್ಳೋದು ಬೇಕಾಗಿಲ್ಲ. ಹಳೇ ಸೆಟ್ಟಿನಾಗ ಇದು ಬರ್ಲಿಕ್ಕಿಲ್ಲ, ಅದಕ್ಕ ಪಂಚಾಯ್ತಿ ಆಟೋ ಮೈಕು ಇರ್ಲೇಬೇಕು ಅಂತೀನಿ ನಾನು.

ಸಿಡಿಲಿಗೆ ದಾಮಿನಿ ಅಂತ ಆ್ಯಪ್ ಐತಿ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವ್ರು ಮಾಡಿದ್ದು, 20ರಿಂದ 40 ಕಿಲೋಮೀಟರ್ ಒಳಗಿನ ಸಿಡಿಲು ಹೇಳ್ತೈತಿ. ಚಲೋ ಐತಿ, ಆದ್ರ ನೆಟ್ ಬೇಕು, ನಾಟಿ ಹಚ್ಚೋ ಹೆಣ್ಮಕ್ಕಳ ಕೈಯಾಗ ಅಂಥ ಫೋನು ಎಲ್ಲಿಂದ ಬರ್ಬೇಕು.

ಕೀಪ್ಯಾಡ್ ಸೆಟ್ ಅಂದ್ರ ನಮ್ಮಪ್ಪಂದು. 2017ರಿಂದ ಮಾರೋ ಫೋನಿನಾಗ ಪ್ಯಾನಿಕ್ ಬಟನ್ ಇರ್ಬೇಕಂತ ರೂಲ್ಸ್ ಐತಿ, ಕೀಪ್ಯಾಡಿನಾಗ 5 ಇಲ್ಲಾ 9 ಒತ್ತಿ ಹಿಡದ್ರ ತುರ್ತು ನಂಬರ್ 112ಕ್ಕ ಕಾಲ್ ಹೋಗ್ಬೇಕು. ಆದ್ರ ಜಿಪಿಎಸ್ ಇಲ್ಲದ ಸೆಟ್ಟಾದ್ರ ಅವರಿಗೆ ಗೊತ್ತಾಗೋದು ಯಾವ ಟವರ್ ಅಂತ ಅಷ್ಟ, ನಮ್ಮ ಕಡಿ ಟವರಿಂದ ಟವರಿಗೆ ಕಿಲೋಮೀಟರುಗಟ್ಲೆ ಗದ್ದಿ. ಅದಕ್ಕ ಅಪ್ಪಗ ಹೇಳೀನಿ, ಕಾಲುವಿ ನಂಬರ್ ಹೇಳು, ಯಾವ ಕ್ಯಾಂಪ್ (ಸಣ್ಣ ಊರು) ಹತ್ರ ಅಂತ ಹೇಳು, "ನಮ್ಮ ಹೊಲದಾಗ ಅದೀನಿ" ಅಂದ್ರ ಯಾರಿಗೂ ತಿಳಿಯಂಗಿಲ್ಲ ಅಂತ.

ಇಷ್ಟೆಲ್ಲಾ ಸರಿ, ಮಳಿ ಗಾಳಿ ಬಂದು ಕರೆಂಟ್ ಹೋದ್ರ ನಮ್ಮೂರ ಟವರ್ ಬ್ಯಾಟರಿ ಇರೋತನಕ ಇರ್ತೈತಿ, ಆಮ್ಯಾಲ ಅದೂ ಬಂದ್. ಮೊದ್ಲು ಅದಕ್ಕೊಂದು ಜನರೇಟರ್ ಇಡ್ರಪ್ಪಾ.